ಕ್ರೌನ್ ಅಣ್ಣನದು, ಪಿನಿಯನ್ ನನ್ನದು

ಕಾರಿನ ಹಿಂದಿನ ಎರಡು ಗಾಲಿಗಳ ನಡುವೆ ಒಂದು ಕಬ್ಬಿಣದ ಗಡ್ಡೆ ಇರುತ್ತದೆ. ಮನೆಯಲ್ಲಿ ನೆಮ್ಮದಿ ಬೇಕೆನ್ನುವವರು ಅದರೊಳಗೆ ಏನಿದೆ ಎಂದು ತಿಳಿಯಲು ಹೋಗಬಾರದು. ನಾನು ಹೋದೆ. ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತ ತಲೆಗೂದಲು ಕಳೆದುಕೊಂಡ ನನಗೆ ಅನುಪಾತವೆಂದರೆ ಕರಿಹಲಗೆಯ ಮೇಲೆ ಬರೆದು ಒರೆಸಿಬಿಡುವ ವಸ್ತುವಾಗಿತ್ತು. ಅದು ಅಣ್ಣತಮ್ಮಂದಿರ ನಡುವೆ ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತದೆ ಎಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಆ ಗಡ್ಡೆಯೊಳಗೆ ಇರುವುದು ಇಷ್ಟೇ. ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಗಿಡ್ಡ ಹಲ್ಲಿನ ಕೋಲು. ಪಿನಿಯನ್ ನಾಲ್ಕೂವರೆ ಸುತ್ತು ಹಾಕಿದಾಗ ಕ್ರೌನ್ ಒಂದು ಸುತ್ತು ತಿರುಗಿದರೆ ಕಾರು ನಿಧಾನ, ಆದರೆ ಎಳೆಯುವ ಶಕ್ತಿ ಹೆಚ್ಚು. ನಾಲ್ಕಕ್ಕಿಂತ ಕಡಿಮೆ ಸುತ್ತಿಗೇ ತಿರುಗಿದರೆ ಓಟ ಹೆಚ್ಚು, ಎಳೆತ ಕಡಿಮೆ. ಎರಡೂ ಬೇಕು ಎನ್ನುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಇನ್ನೊಂದು ಮಾತು, ಇವು ಜೋಡಿಯಾಗಿಯೇ ಹುಟ್ಟಿ ಜೋಡಿಯಾಗಿಯೇ ಸವೆಯುತ್ತವೆ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಕೂಡುವುದಿಲ್ಲ.

ಕಾರು ನಮ್ಮ ಅಪ್ಪನ ಅಂಬಾಸಿಡರ್. ಅಪ್ಪ ತೀರಿಕೊಂಡ ಮೇಲೆ ನಾನೂ ನನ್ನ ಅಣ್ಣ ಶಿವಶರಣಪ್ಪನೂ ಪಾಲಾದೆವು. ನಮ್ಮ ಮನೆತನದಲ್ಲಿ ಪಾಲು ಎಂದರೆ ಪಾಲೇ, ಅದರಲ್ಲಿ ಕರುಣೆ ದಾಕ್ಷಿಣ್ಯಗಳಿಗೆ ಜಾಗವಿಲ್ಲ. ಅವ್ವನ ಬೀಸುಕಲ್ಲಿನ ಮೇಲಿನ ಕಲ್ಲು ನಮ್ಮೂರು ಬೇಮಳಖೇಡದಲ್ಲಿ ಅಣ್ಣನ ಹಿತ್ತಲಿನಲ್ಲಿದೆ. ಕೆಳಗಿನ ಕಲ್ಲು ಕಲ್ಯಾಣದಲ್ಲಿ ನಮ್ಮ ಬಚ್ಚಲಿನ ಪಕ್ಕ ಬಿದ್ದಿದೆ. ಎರಡೂ ಮನೆಯವರು ಜೋಳ ಬೀಸಿಸಲು ಗಿರಣಿಗೆ ಹೋಗುತ್ತೇವೆ. ಪಂಚರು ಕಾರನ್ನು ಮಾತ್ರ ಕೊಯ್ಯಲು ಧೈರ್ಯ ಮಾಡದೆ, ಒಂದು ತಿಂಗಳು ಅವನ ಪಾಳಿ, ಒಂದು ತಿಂಗಳು ನನ್ನ ಪಾಳಿ ಎಂದು ಗೊತ್ತುಮಾಡಿದರು. ಎರಡೂ ಊರಿಗೆ ನಡುವೆ ಬರುವ ಹುಮನಾಬಾದಿನಲ್ಲಿ ಖಾಜಾಮಿಯಾ ಎಂಬ ಮೆಕ್ಯಾನಿಕ್ ಇದ್ದಾನೆ. ಪಾಳಿ ಮುಗಿದವನು ಅವನ ಗ್ಯಾರೇಜಿನಲ್ಲಿ ಕಾರು ಬಿಟ್ಟು ಬಸ್ಸು ಹತ್ತಬೇಕು, ಮರುದಿನ ಇನ್ನೊಬ್ಬ ಬಂದು ಒಯ್ಯಬೇಕು. ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಹೀಗೆ ಕಳೆದವು.

ಆಮೇಲೆ ಆ ಗಡ್ಡೆಯೊಳಗಿನ ಗೇರಿನ ಹಲ್ಲು ಮುರಿಯಿತು. ಮುರಿದದ್ದು ಅಣ್ಣನ ಪಾಳಿಯ ಕೊನೆಯ ದಿನವೋ ನನ್ನ ಪಾಳಿಯ ಮೊದಲ ದಿನವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಖಾಜಾಮಿಯಾ ಗುಜರಿಯಿಂದ ಎರಡು ಜೋಡಿ ತಂದಿಟ್ಟು, ಒಂದು ಎಳೆತದ್ದು, ಒಂದು ಓಟದ್ದು, ಯಾವುದು ಬೇಕೋ ನೀವೇ ಹೇಳಿ ಎಂದು ನಮ್ಮಿಬ್ಬರನ್ನೂ ಕರೆಸಿದ. ನಾನು ಓಡಾಡುವುದು ಹೈವೇಯಲ್ಲಿ. ಹಿಂದಿನಿಂದ ಬಸ್ಸುಗಳು ಹಾರ್ನ್ ಹೊಡೆದು ನನ್ನನ್ನು ಪಕ್ಕಕ್ಕೆ ತಳ್ಳಿ ಹೋಗುವುದು, ಅವುಗಳೊಳಗಿನ ನನ್ನ ಹಳೆಯ ವಿದ್ಯಾರ್ಥಿಗಳು ಕಿಟಕಿಯಿಂದ ನಮಸ್ಕಾರ ಮಾಡುವುದು ಸಾಕಾಗಿತ್ತು. ಓಟದ ಗೇರೇ ಆಗಬೇಕು ಎಂದೆ.

"ಎಲ್ಲಾ ದಾರಿ ಹೈವೇ ಅಂತ ತಿಳ್ಕೊಂಡಿ ಏನು, ತಮ್ಮಾ?" ಅಂದ ಅಣ್ಣ. "ನಮ್ಮೂರ ಹಳ್ಳದ ಏರು ನೆನಪದ ಇಲ್ಲ ನಿನಗ? ಹಿಂದ ನಾಕು ತೊಗರಿ ಚೀಲ ಹಾಕಿದ್ರ ನಿನ್ನ ಗೇರು ಕುಂದರ್ತದ."

ಖಾಜಾಮಿಯಾನನ್ನು ಕೇಳಿದೆವು. ಅವನು ಯಾರು ಎದುರಿಗಿದ್ದರೆ ಅವರ ಪರ. ಅಣ್ಣ ಬೀಡಿ ಸೇದಲು ಹೊರಗೆ ಹೋದಾಗ ಸಾಬ್ ನೀವು ಹೇಳೋದೇ ಬರಾಬರ್ ಎಂದ. ನಾನು ಕೈ ತೊಳೆಯಲು ಹೋದಾಗ ಅದನ್ನೇ ಅಣ್ಣನಿಗೂ ಹೇಳಿದ್ದ. ನಾನಿಲ್ಲದಾಗ ಅಣ್ಣ ಬಂದು ತನ್ನದನ್ನು ಹಾಕಿಸಿಬಿಟ್ಟರೆ ಎಂದು ನನಗೆ ಹೆದರಿಕೆ, ಅವನಿಗೂ ಅದೇ. ಕೊನೆಗೆ ನಮ್ಮ ಮನೆತನಕ್ಕೆ ತಕ್ಕ ನ್ಯಾಯ ಮಾಡಿಕೊಂಡೆವು. ಎರಡೂ ಜೋಡಿಯ ಕ್ರೌನ್ ಅಣ್ಣನ ವಶ, ಎರಡೂ ಜೋಡಿಯ ಪಿನಿಯನ್ ನನ್ನ ವಶ. ಇಬ್ಬರೂ ಒಪ್ಪುವತನಕ ಯಾವುದೂ ಕೂಡಬಾರದು. ಖಾಜಾಮಿಯಾ ಇಷ್ಟು ವರ್ಷದಲ್ಲಿ ಇಂಥದ್ದು ನೋಡಿರಲಿಲ್ಲವಂತೆ. ನಾನು ಮನೆಗೆ ಬಂದು ಎರಡು ಪಿನಿಯನ್ ಮೇಜಿನ ಮೇಲಿಟ್ಟಾಗ ನನ್ನ ಹೆಂಡತಿ ಮಹಾನಂದಾ ಬಹಳ ಹೊತ್ತು ನೋಡಿದಳು.

"ಅವರ ಪಾಲಿಗೆ ಅಷ್ಟು ದೊಡ್ಡ ಗಾಲಿ, ನಮ್ಮ ಪಾಲಿಗೆ ಮೂಲಂಗಿಯಷ್ಟು? ತೂಕರ ಮಾಡಿಸಿ ನೋಡಬೇಕಿತ್ತಿಲ್ಲರಿ?" ಅಂದಳು. ನಮ್ಮ ಮನೆಗೆ ಬಂದ ಮೇಲೆ ಅವಳೂ ನಮ್ಮವಳೇ ಆಗಿದ್ದಾಳೆ.

ಕಾರು ಹಿಂದಿನ ಗಾಲಿ ಬಿಚ್ಚಿಸಿಕೊಂಡು ಕಲ್ಲಿನ ಮೇಲೆ ಕೂತಿತು. ನಾವು ಪ್ರತಿ ಭಾನುವಾರ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಜಗಳಾಡತೊಡಗಿದೆವು. ಪಾಲಾದ ಮೇಲೆ ನಾವು ಅಷ್ಟು ಮಾತಾಡಿದ್ದು ಅದೇ ಮೊದಲು. ಜಗಳದ ನಡುವೆ ಅಣ್ಣ ನನ್ನ ಮೊಣಕಾಲು ನೋವಿನ ಬಗ್ಗೆ ವಿಚಾರಿಸುತ್ತಿದ್ದ. ಒಮ್ಮೆ ನನ್ನನ್ನು ಮೂರ್ಖ ಎಂದು ಬೈಯುತ್ತಲೇ ತನ್ನ ಹೆಂಡತಿ, ನಮ್ಮ ವೈನಿ, ಕಳಿಸಿದ ಸುಲಗಾಯಿಯ ಚೀಲ ನನ್ನ ಕಡೆ ನೂಕಿದ. ಇಬ್ಬರೂ ಹಸಿಕಡಲೆ ಸುಲಿದು ತಿನ್ನುತ್ತ ಎಳೆತ ಓಟಗಳ ಬಗ್ಗೆ ಕೂಗಾಡಿದೆವು. ಮುಂದಿನ ಭಾನುವಾರ ಯಾವಾಗ ಬರುತ್ತದೋ ಎಂದು ನಾನು ಕಾಯತೊಡಗಿದ್ದೆ.

ಆದರೆ ಗಣಿತದ ಮೇಷ್ಟರಿಗೆ ಉತ್ತರ ಸಿಗುವವರೆಗೆ ಸಮಾಧಾನವಿರುವುದಿಲ್ಲ. ಒಂದು ಭಾನುವಾರ ಅಣ್ಣ ಮತ್ತೆ ಆ ಹಳ್ಳದ ಏರಿನ ಮಾತು ತೆಗೆದಾಗ ನನಗೆ ರೇಗಿತು.

"ನೀ ಕಾರ್ ನಡಸೋ ಮನಷ್ಯಾ ಅಲ್ಲ, ಬಂಡಿ ಹೊಡಿಯೋ ಮನಷ್ಯಾ," ಅಂದುಬಿಟ್ಟೆ.

ಅಣ್ಣ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟ. ನನ್ನನ್ನು ಓದಿಸಲು ತಾನು ಶಾಲೆ ಬಿಟ್ಟು ಬಂಡಿ ಹೊಡೆದವನು ಅವನು. ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೋದ. ಆ ವಾರವೇ ಬಸ್ಸಿನ ಕಂಡಕ್ಟರನೊಬ್ಬ ಗೋಣಿತಟ್ಟಿನಲ್ಲಿ ಸುತ್ತಿದ ಕ್ರೌನನ್ನು ನಮ್ಮ ಓಣಿಯ ಅಂಗಡಿಯಲ್ಲಿ ಕೊಟ್ಟುಹೋದ. ಓಟದ ಜೋಡಿಯ ಕ್ರೌನ್. ಹಿಂದೆಯೇ ಅಣ್ಣನ ಫೋನು ಬಂತು.

"ನಿನಗ ಬೇಕಾದ್ದ ಹಾಕಿಸ್ಕೊ. ಕಾರ್ ನಿಂದೇ, ನಾ ಬಿಟ್ಟೇನಿ. ಇನ್ನ ಹುಮನಾಬಾದಿನ್ಯಾಗ ನನಗೇನ್ ಕೆಲಸ ಇಲ್ಲ."

ಗೆದ್ದೆ. ಓಟದ ಜೋಡಿಯನ್ನೇ ಹಾಕಿಸಿದೆ. ಎಳೆತದ ಕ್ರೌನನ್ನು ವೈನಿ ನೀರಿನ ಕೊಡದ ಕೆಳಗೆ ಸಿಂಬಿಯಂತೆ ಇಟ್ಟುಕೊಂಡಿದ್ದಾರಂತೆ. ಅದರ ಪಿನಿಯನ್ ನನ್ನ ಮೇಜಿನ ಮೇಲೆ ಉತ್ತರಪತ್ರಿಕೆ ಹಾರದಂತೆ ಕೂತಿದೆ.

ದಸರೆಗೆ ಅಣ್ಣನಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳೋಣ, ಎಲ್ಲ ಸರಿಹೋಗುತ್ತದೆ ಎಂದು ಮಹಾನಂದಾಳನ್ನು ಕೂರಿಸಿಕೊಂಡು, ಹಿಂದೆ ಒಂದಷ್ಟು ಬೆಲ್ಲ ಅಕ್ಕಿ ಹೇರಿಕೊಂಡು ಹೊರಟೆ. ಹೈವೇಯಲ್ಲಿ ಕಾರು ಹಾರಿತು, ಮೊದಲ ಸಲ ಒಂದು ಬಸ್ಸನ್ನು ಹಿಂದೆ ಹಾಕಿದೆ. ಬೇಮಳಖೇಡದ ಹಳ್ಳದ ಏರಿನಲ್ಲಿ ಕುಂತಿತು. ಮತ್ತೆ ಮತ್ತೆ ಎಬ್ಬಿಸಿದೆ, ಕ್ಲಚ್ಚು ಸುಟ್ಟ ವಾಸನೆ ಬಂತು, ಹಿಂದಕ್ಕೆ ಜಾರಿತು. ಏರು ಹತ್ತಿದರೆ ಅಣ್ಣನ ಮನೆ ಕಾಣುತ್ತದೆ.

"ಇಳೀರಿ, ನಡಕೊಂತ ಹೋಗೋಣ. ಎಷ್ಟು ದೂರ ಅದ?" ಅಂದಳು ಮಹಾನಂದಾ.

ದೂರವೇನೂ ಇರಲಿಲ್ಲ. ಆದರೆ ಕಾರನ್ನು ಹಳ್ಳದಲ್ಲಿ ಬಿಟ್ಟು ನಡೆದು ಹೋದರೆ ಅಣ್ಣನ ಮಾತೇ ನಿಜವಾದಂತಾಗುತ್ತಿತ್ತು. ನಾನು ರಿವರ್ಸ್ ತೆಗೆದುಕೊಂಡೆ. ಬನ್ನಿ ಎಲೆಗಳು ಇನ್ನೂ ಸ್ಟೇರಿಂಗಿನ ಮುಂದೆಯೇ ಒಣಗಿ ಬಿದ್ದಿವೆ.

ಈಗ ಭಾನುವಾರ ಬಂತೆಂದರೆ ಸುಮ್ಮನೆ ಕಾರು ತೆಗೆಯುತ್ತೇನೆ. ಯಾವ ಬಸ್ಸೂ ನನ್ನನ್ನು ಹಿಡಿಯುವುದಿಲ್ಲ, ನೋಡನೋಡುತ್ತಲೇ ಹುಮನಾಬಾದು ಬಂದುಬಿಡುತ್ತದೆ. ಖಾಜಾಮಿಯಾ ಕೇಳದೆಯೇ ಚಹಾ ತರಿಸುತ್ತಾನೆ, ಸಾಬ್ ನಿಮ್ಮದೇ ಬರಾಬರ್ ಆಯಿತಲ್ಲ ಎನ್ನುತ್ತಾನೆ. ಹೌದು ಎನ್ನುತ್ತೇನೆ. ಬೆಂಚಿನ ಒಂದು ತುದಿಯಲ್ಲಿ ಕೂತು ಚಹಾ ಕುಡಿದು ವಾಪಸು ಹೊರಡುತ್ತೇನೆ. ಹುಮನಾಬಾದಿನಲ್ಲಿ ನನಗೂ ಏನೂ ಕೆಲಸವಿಲ್ಲ.