ಶ್ರಾವಣದಲ್ಲೂ ಉಪ್ಪು ಬಿಡದವರಿಗೆ

ಮುಂಬಯಿಯಿಂದ ರೈಲಿನಲ್ಲಿಯೂ ಗೋಕಾಕ ರೋಡ್ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿಯೂ ದಯಮಾಡಿಸಿ, ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಹಸಿರು ಬಣ್ಣ ಬಳಿದುಕೊಂಡು ನಿಂತಿರುವ, ಗಡಸು ನೀರನ್ನು ಮೆದು ಮಾಡುವ ಯಂತ್ರ ಮಹಾಶಯರಾದ ಮಾನ್ಯರೇ,

ಗೋಕಾಕದ ವಕೀಲ ರಾಜಪ್ಪನವರ ಹೆಂಡತಿ ಚಂಪಾಬಾಯಿ ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ತಾವು ಕ್ಷೇಮವೋ ಇಲ್ಲವೋ ಎಂಬುದನ್ನು ಬೆಳಿಗ್ಗೆ ಎದ್ದ ಕೂಡಲೇ ನಾನೇ ಮುಟ್ಟಿ ನೋಡುತ್ತೇನಾದ್ದರಿಂದ ಅದನ್ನು ಮತ್ತೆ ಕೇಳಿ ತಮ್ಮ ಸಮಯ ಹಾಳು ಮಾಡುವುದಿಲ್ಲ.

ಒಂದು ಮಾತನ್ನು ಈ ದೂರಿನಲ್ಲಿ ಬರೆಯದೆಯೇ ಬಿಟ್ಟುಬಿಡಬೇಕೆಂದಿದ್ದೆ. ತಮ್ಮನ್ನು ತರಿಸಿದ್ದು ಸಾಬೂನಿನ ನೊರೆಗಾಗಿ ಎಂದು ನಾನು ಓಣಿಗೆಲ್ಲ ಹೇಳಿದ್ದೇನೆ, ನನ್ನ ಯಜಮಾನರನ್ನೂ ಹಾಗೆಯೇ ನಂಬಿಸಿದ್ದೇನೆ. ನಿಜ ಸಂಗತಿಯೇನೆಂದರೆ, ನಮ್ಮ ಬಾವಿಯ ಸವಳು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು, ಮತ್ತು ನಮ್ಮ ಅತ್ತೆಯವರಾದ ಪದ್ಮವ್ವನವರ ಬಾಯಲ್ಲಿ ಉಳಿದಿರುವ ಕೆಲವೇ ಹಲ್ಲುಗಳು ಒಂದನ್ನೊಂದು ಭೇಟಿಯಾಗಿ ವರ್ಷಗಳಾಗಿವೆ. ಅವರು ತಾಟನ್ನು ಸರಿಸಿ, "ಹಸಿವಿಲ್ಲವ್ವಾ ನನಗ, ಮುಂಜಾನಿದ ಇನ್ನೂ ಕರಗಿಲ್ಲ" ಎನ್ನುತ್ತಿದ್ದರು. ಮುಂಜಾನೆಯೂ ಅವರು ಉಂಡಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ಬೇಳೆ ಬೆಂದಿಲ್ಲವೆಂದು ಅವರು ಹೇಳಲಿಲ್ಲ, ಅವರಿಗಾಗಿಯೇ ಯಂತ್ರ ತರಿಸುತ್ತಿದ್ದೇನೆಂದು ನಾನು ಹೇಳಲಿಲ್ಲ. ನಮ್ಮಿಬ್ಬರ ನಡುವೆ ಇಂಥ ಮಾತು ಬಾಯಿಂದ ಬರುವುದಿಲ್ಲ. ಅದು ಅವರ ಹಟವೋ, ನನ್ನ ಇಂಗ್ಲಿಷ್ ಶಾಲೆಯ ಬಿಗುಮಾನವೋ ಎಂದು ಯೋಚಿಸಿದ್ದೇನೆ, ತೀರ್ಮಾನಕ್ಕೆ ಬಂದಿಲ್ಲ.

ತಮ್ಮ ಆಗಮನವನ್ನು ಸ್ವಲ್ಪ ನೆನಪು ಮಾಡಿಕೊಡುತ್ತೇನೆ. ಬೆಳಗಾವಿಯಿಂದ ಬಂದ ಮಿಸ್ತ್ರಿ ಗುಡ್ಡಪ್ಪನು ಗೋಡೆಗೆ ತೂತು ಕೊರೆದು, ಬಾವಿಯಿಂದ ಮೇಲಿನ ಟಾಕಿಗೆ ಏರಿಸಿದ ನೀರು ತಮ್ಮ ಹೊಟ್ಟೆಯ ಮೂಲಕವೇ ಅಡುಗೆಮನೆಗೆ ಬರುವಂತೆ ನಳ ಜೋಡಿಸಿ, ವಾರಕ್ಕೊಮ್ಮೆ ತಮಗೆ ಒಂದು ಬುಟ್ಟಿ ಉಪ್ಪು ಉಣಿಸಬೇಕೆಂದು ಹೇಳಿದಾಗ, ಪಕ್ಕದಲ್ಲಿ ನಿಂತಿದ್ದ ಅತ್ತೆಯವರು ನನ್ನ ಕಡೆಗೆ ತಿರುಗಿ, "ಉಪ್ಪ ಹಾಕಿದರ ನೀರ ಉಪ್ಪಾಗಬೇಕು, ಸೀ ಹೆಂಗ ಆಕ್ಕತಿ? ಸಾಲಿ ಕಲತಾಕಿ ನೀ, ನೀನ ಹೇಳು" ಎಂದರು. ನಾನು ಹೇಳಿದೆ. ನೀರಿನಲ್ಲಿರುವ ಸುಣ್ಣವನ್ನು ಯಂತ್ರವು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪು ಆ ಸುಣ್ಣವನ್ನು ತೊಳೆದುಕೊಂಡು ಮೋರಿಗೆ ಹೋಗುತ್ತದೆ, ನಮ್ಮ ನೀರಿಗೆ ಬರುವುದೇ ಇಲ್ಲ ಎಂದು, ಶಾಲೆಯಲ್ಲಿ ಬಹುಮಾನ ಪಡೆದವರ ದನಿಯಲ್ಲಿ ಹೇಳಿದೆ. ಅತ್ತೆಯವರು ಎಲ್ಲವನ್ನೂ ಬಿಟ್ಟು ಒಂದೇ ಮಾತನ್ನು ಹಿಡಿದುಕೊಂಡರು. "ಮೋರಿಗೆ ಹೊಕ್ಕತಿ? ಉಪ್ಪ ಚೆಲ್ಲಿದವರು ಮ್ಯಾಲ ಹೋದ ಮ್ಯಾಲ ಕಣ್ಣರೆಪ್ಪಿಲೆ ಆರಿಸಬೇಕಾಕ್ಕತಿ. ನಿನ್ನ ರೆಪ್ಪಿ ನೋಡಿಕೋ, ನನ್ನವಂತೂ ಉದರ್ಯಾವು."

ಓಣಿಯ ಹೆಂಗಸರೆಲ್ಲ ತಮ್ಮ ದರ್ಶನಕ್ಕೆ ಬಂದರು. ನಮಗೆ ಹಾಲು ಕೊಡುವ ಕುರುಬರ ಯಲ್ಲಕ್ಕ ತಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೆಲಸ ಹೇಳಿದರ ಉಪ್ಪ ಬೇಡತಾನ, ಮೂಲ್ಯಾಗ ನಿಂದರತಾನ, ಮಾತಾಡಂಗಿಲ್ಲ. ಇಂವ ಮನೀ ಅಳಿಯಾನ ಸೈ ಬಿಡ್ರಿ" ಎಂದಳು. ಅಂದಿನಿಂದ ಓಣಿಯಲ್ಲಿ ತಮ್ಮ ಹೆಸರು ಅಳಿಯ.

ಅಳಿಯನಿಗೆ ಸಲ್ಲುವ ಉಪಚಾರಗಳಲ್ಲಿ ನಾನು ಲೋಪ ಮಾಡಿದ್ದೇನೆಯೆ? ವಾರಕ್ಕೊಮ್ಮೆ ಒಂದು ನಳ ಮುಚ್ಚಿ, ಇನ್ನೊಂದು ತೆರೆದು, ಹರಳುಪ್ಪು ಕರಗಿಸಿ ತಮಗೆ ಕುಡಿಸಿ, ತಾವು ಅದನ್ನು ಅರಗಿಸಿಕೊಳ್ಳುವವರೆಗೆ ಕಾದು, ಆಮೇಲೆ ಉಪ್ಪಿನ ರುಚಿ ಪೂರ್ತಿ ಹೋಗುವವರೆಗೆ ತೊಳೆಯುತ್ತ, ಬೊಗಸೆ ಬೊಗಸೆ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತ ಕೂಡುತ್ತೇನೆ. ಆ ಹೊತ್ತಿನಲ್ಲಿ ತಮ್ಮನ್ನು ಯಾರೂ ಏನೂ ಕೇಳಬಾರದು, ತಮ್ಮಿಂದ ಒಂದು ಚರಿಗೆ ನೀರನ್ನೂ ಪಡೆಯಬಾರದು ಎಂದು ತಮ್ಮ ಜೊತೆ ಬಂದ ಇಂಗ್ಲಿಷ್ ಪುಸ್ತಕ ಆಜ್ಞೆ ಮಾಡಿದೆ. ಮಾನ್ಯರೇ, ನಾನು ಹುಕ್ಕೇರಿಯ ತವರು ಬಿಟ್ಟು ಈ ಮನೆಗೆ ಬಂದಂದಿನಿಂದ, ಎಲ್ಲ ನಳಗಳನ್ನೂ ಮುಚ್ಚಿ, ಯಾರೂ ಏನೂ ಕೇಳದಂತೆ ಕುಳಿತ ಒಂದು ಗಳಿಗೆಯೂ ನನಗೆ ನೆನಪಿಲ್ಲ. ಆದ್ದರಿಂದ ನನ್ನ ಮೊದಲನೆಯ ಪ್ರಾರ್ಥನೆ: ಒಂದೇ ಒಂದು ವಾರ ನಾವಿಬ್ಬರೂ ಜಾಗ ಬದಲಾಯಿಸೋಣ. ನಾನು ಮೂಲೆಯಲ್ಲಿ ಹಸಿರು ಸೀರೆ ಉಟ್ಟು ನಿಲ್ಲುತ್ತೇನೆ, ತಾವು ನನ್ನ ಯಜಮಾನರ ಕೋರ್ಟಿನ ಕೋಟು ಹುಡುಕಿಕೊಡಿ.

ತಾವು ಕೆಲಸಗಳ್ಳರೆಂದು ನಾನು ಸುಳ್ಳು ಹೇಳಲಾರೆ. ತಮ್ಮ ನೀರು ಅಡುಗೆಮನೆಗೆ ಬಂದ ಮೊದಲನೆಯ ದಿನವೇ, ಮೂಡಲಗಿಯ ಸಂತೆಯಿಂದ ತಂದ ಅದೇ ಹಟಮಾರಿ ಬೇಳೆ ಬೆಣ್ಣೆಯ ಹಾಗೆ ಕರಗಿತು. ಅತ್ತೆಯವರು ಒಂದು ಸೌಟು ಹಾಕಿಸಿಕೊಂಡರು, ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು, ಕೈ ತೊಳೆಯುತ್ತ, "ಅಳಿಯಾ ಶ್ಯಾಣ್ಯಾ ಅದಾನ" ಎಂದರು. ಇಷ್ಟು ವರ್ಷ ಇದೇ ಮನೆಯಲ್ಲಿ ಅಡುಗೆ ಮಾಡುತ್ತಿರುವ ನನಗೆ ಆ ಬಿರುದು ಬಂದಿಲ್ಲ. ತಾವು ಬಂದ ದಿನವೇ ಪಡೆದಿರಿ. ನನಗೆ ಹೊಟ್ಟೆಕಿಚ್ಚಾಯಿತೆ ಎಂದು ನನ್ನನ್ನೇ ಕೇಳಿಕೊಂಡೆ. ಆಯಿತು.

ಇನ್ನು ತಮ್ಮ ಮೇಲಿರುವ ಮುಖ್ಯ ದೂರು. ಶ್ರಾವಣ ಬಂತು. ಅತ್ತೆಯವರು ಮದುವೆಯಾಗಿ ಬಂದಾಗಿನಿಂದ ಶ್ರಾವಣ ಮಾಸವಿಡೀ ಒಪ್ಪತ್ತು ಮಾಡುತ್ತಾರೆ, ಆ ಒಂದು ಊಟದಲ್ಲೂ ಉಪ್ಪು ಬಿಡುತ್ತಾರೆ. ಮನೆಯಲ್ಲಿ ಹಿರಿಯರೊಬ್ಬರು ಉಪ್ಪು ಬಿಟ್ಟಿರುವಾಗ, ತಾವು ಮಾತ್ರ ಬಚ್ಚಲಲ್ಲಿ ನಿಂತು ಬುಟ್ಟಿಗಟ್ಟಲೆ ಉಪ್ಪು ತಿನ್ನುತ್ತಿದ್ದೀರಲ್ಲ, ತಮಗೆ ಸ್ವಲ್ಪವೂ ಸಂಕೋಚವಾಗಲಿಲ್ಲವೆ? ಮೊದಲನೆಯ ದಿನ ಬೇಳೆ ಬಡಿಸಿದಾಗ ಅತ್ತೆಯವರು ತಾಟನ್ನು ಮೆಲ್ಲಗೆ ಸರಿಸಿ, "ಉಪ್ಪ ತಿಂದಾಂವನ ಹೊಟ್ಟ್ಯಾಗಿಂದ ಬಂದ ನೀರು, ನನಗ ನಡಿಯಂಗಿಲ್ಲ" ಎಂದರು. ನಾನು ಸುಣ್ಣದ ಪಾಠವನ್ನು ಮತ್ತೊಮ್ಮೆ ಒಪ್ಪಿಸಿದೆ. ಅವರು ಕೇಳಿಸಿಕೊಂಡು, ಒಂದು ಬಟ್ಟಲು ಹಾಲು ಕುಡಿದು ಎದ್ದರು. ಮರುದಿನ ಬಾವಿಯ ನೀರಿನಲ್ಲಿಯೇ ಬೇಳೆ ಬೇಯಿಸಿದೆ. ಅದು ಹಳೆಯ ಸ್ವಭಾವಕ್ಕೆ ಮರಳಿ ತಾಟಿನಲ್ಲಿ ಗುಂಡುಗಳಂತೆ ಉರುಳಾಡಿತು. ಮತ್ತೆ ಹಾಲು. ಒಪ್ಪತ್ತಿನ ಆ ಒಂದು ಹೊತ್ತೂ ಹಾಲಿನಲ್ಲೇ ಮುಗಿಯತೊಡಗಿತು. ಎಪ್ಪತ್ತು ದಾಟಿದ ಜೀವ, ಗೋಡೆ ಹಿಡಿದು ನಡೆಯತೊಡಗಿತು. ಅತ್ತೆ ಉಣ್ಣದೆ ಸೊಸೆ ಉಣ್ಣುವುದು ನಮ್ಮ ಮನೆಯಲ್ಲಿಲ್ಲ. ಈ ಪದ್ಧತಿಯನ್ನು ನಾನು ಒಪ್ಪುತ್ತೇನೋ ಇಲ್ಲವೋ ಹೇಳಲಾರೆ, ಆದರೆ ಎದುರಿಗೆ ಅವರು ಬರೀ ಹಾಲು ಕುಡಿದೆದ್ದ ಮೇಲೆ ತುತ್ತು ನನಗೂ ಇಳಿಯುತ್ತಿರಲಿಲ್ಲ.

ಅವರನ್ನು ವಾದದಲ್ಲಿ ಸೋಲಿಸಬೇಕೆಂದು ತಮ್ಮ ಇಂಗ್ಲಿಷ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅಲ್ಲಿ, ಚಿಕ್ಕ ಅಕ್ಷರಗಳಲ್ಲಿ, ತಾವು ನೀರಿನ ಸುಣ್ಣವನ್ನು ಪುಕ್ಕಟೆಯಾಗಿ ತೆಗೆದುಕೊಳ್ಳುವುದಿಲ್ಲವೆಂದೂ, ಅದರ ಬದಲಿಗೆ ಉಪ್ಪಿನಲ್ಲಿರುವ ಒಂದು ಪಾಲನ್ನು ನೀರಿಗೆ ಕೊಟ್ಟು ಕಳಿಸುತ್ತೀರೆಂದೂ, ಅದು ನಾಲಿಗೆಗೆ ತಿಳಿಯುವುದಿಲ್ಲವೆಂದೂ ಬರೆದಿತ್ತು. ಮಾನ್ಯರೇ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನಮ್ಮ ಅತ್ತೆಯವರು ಹೇಳಿದ್ದೇ ಸರಿ, ಬಹುಮಾನ ಪಡೆದ ನಾನು ಹೇಳಿದ್ದೇ ತಪ್ಪು. ಇದನ್ನು ಯಜಮಾನರಿಗೆ ತೋರಿಸಿ ಏನು ಮಾಡಲಿ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದು, "ಇದನ್ನ ಇವತ್ತ ತಗೀಬ್ಯಾಡ. ಮುಂದಿನ ತಾರೀಖ ತಗೊಳ್ಳೂಣು" ಎಂದರು. ಹೇಳಿದರೆ ಅತ್ತೆಯವರು ತಮ್ಮ ನೀರನ್ನು ಎಂದಿಗೂ ಮುಟ್ಟುವುದಿಲ್ಲ. ಹೇಳದಿದ್ದರೆ ಅವರ ವ್ರತಕ್ಕೆ ನಾನು ಮೋಸ ಮಾಡಿದಂತೆ. ಹೇಳಬೇಕೆಂದು ನಿಶ್ಚಯಿಸಿಕೊಂಡು ನಾನು ಹಿತ್ತಲಿಗೆ ಹೋದಾಗ, ಅಲ್ಲಿ ಯಲ್ಲಕ್ಕ ಹಾಲು ಅಳೆಯುತ್ತಿದ್ದಳು, ಅತ್ತೆಯವರು ಕಟ್ಟೆಯ ಮೇಲೆ ಒರಗಿ ಕುಳಿತಿದ್ದರು. ನನಗಿಂತ ಮೊದಲು ಯಲ್ಲಕ್ಕ ಬಾಯಿ ತೆರೆದಳು.

"ಅಲ್ರಿ ಪದ್ಮಕ್ಕಾರ, ನಮ್ಮ ಎಮ್ಮಿಗೆ ನಾ ದಿನಾ ಹಿಂಡ್ಯಾಗ ಉಪ್ಪ ಕಲಸಿ ಇಡತೇನಿ. ಅದರ ಹಾಲ ನೀವು ಈ ಶ್ರಾವಣದಾಗನೂ ಗಟಗಟ ಕುಡ್ಯಾಕತ್ತೀರಿ. ವರ್ತಾ ಕೆಟ್ಟೈತೇನ್ರಿ? ಉಪ್ಪ ತಿಂದಾಕಿ ಎಮ್ಮಿ, ಕುಡದವರು ನೀವು. ಇದೂ ಹಂಗ. ಅದರ ಉಪ್ಪ ಅದಕ್ಕ, ನೀರ ನಿಮಗ. ಉಣ್ಣರಿ ಸುಮ್ಮ."

ಅತ್ತೆಯವರು ನನ್ನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ, "ಖರೆ ಐತಿ ನೋಡು. ಇದು ನನಗ ಹೊಳೀಲಿಲ್ಲ" ಎಂದರು. ಈ ವಾದದಲ್ಲಿ ರಸಾಯನಶಾಸ್ತ್ರದ ದೃಷ್ಟಿಯಿಂದ ಎಷ್ಟು ತೂತುಗಳಿವೆಯೆಂದು ಎಣಿಸಬಲ್ಲ ಏಕೈಕ ಹೆಂಗಸು ಆ ಹಿತ್ತಲಿನಲ್ಲಿ ನಾನು. ನಾನು ಬೇಳೆ ಒಲೆಗೇರಿಸಲು ಒಳಗೆ ಹೋದೆ.

ಅಂದಿನಿಂದ ತಾವು ಅಳಿಯನ ಪದವಿಯಿಂದ ಎಮ್ಮೆಯ ಪದವಿಗೆ ಏರಿದ್ದೀರಿ. ಏರಿದ್ದೀರಿ ಎಂದೇ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಅಳಿಯನ ಮೈ ಯಾರೂ ತೊಳೆಯುವುದಿಲ್ಲ. ಅತ್ತೆಯವರು ಪ್ರತಿ ಸೋಮವಾರ ತಮ್ಮ ಹಸಿರು ಮೈಯನ್ನು ತೊಳೆದು, ಎದೆಯ ಮೇಲೆ ವಿಭೂತಿ ಎಳೆಯುತ್ತಾರೆ. ಉಪ್ಪು ಹಾಕುವ ಕೆಲಸವನ್ನು ನನ್ನ ಕೈಯಿಂದ ಕಸಿದುಕೊಂಡಿದ್ದಾರೆ. ಹಿಂಡುವವರೇ ಮೇವು ಹಾಕಬೇಕಂತೆ. ತಮ್ಮ ತಳದಿಂದ ಹೊರಗೆ ಹರಿಯುವ ಉಪ್ಪುನೀರನ್ನೂ ಮೋರಿಗೆ ಬಿಡದೆ ತೆಂಗಿನ ಬುಡಕ್ಕೆ ತಿರುಗಿಸಿ, ನಮ್ಮಿಬ್ಬರ ಕಣ್ಣರೆಪ್ಪೆಗಳನ್ನೂ ಉಳಿಸಿದ್ದಾರೆ. ದಿನಕ್ಕೊಮ್ಮೆ ಊಟ ಮಾಡುತ್ತಾರೆ, ಪೂರ್ತಿ ಮಾಡುತ್ತಾರೆ.

ಕಳೆದ ವಾರ ತಮಗೆ ಮೇವು ಹಾಕುವಾಗ ನಾನು ಒಗೆದ ಬಟ್ಟೆ ಹಿಡಿದು ಬಚ್ಚಲಿನ ಹೊರಗೆ ನಿಂತಿದ್ದೆ. ಕದ್ದು ಕೇಳಬೇಕೆಂದಿರಲಿಲ್ಲ, ಕೇಳಿಸಿದ ಮೇಲೆ ಕದಲಲೂ ಇಲ್ಲ. ಅತ್ತೆಯವರು ಎಮ್ಮೆಯೊಡನೆ ಮಾತಾಡುವ ಹಾಗೆಯೇ ತಮ್ಮೊಡನೆ ಮಾತಾಡುತ್ತಿದ್ದರು. "ನೀ ಎಮ್ಮಿ ಅಲ್ಲಂತ ನನಗ ತಿಳಿಯಂಗಿಲ್ಲೇನ? ಆ ಯಲ್ಲಿ ಏನರ ಅನ್ನಲಿ, ಉಪ್ಪ ಉಪ್ಪನ. ಬುಕ್ಕ ಓದಿದ ದಿನ ಆಕಿ ಮಾರಿ ನೋಡಿದೆ, ಆವಾಗನ ತಿಳೀತು. ಆದರ ನಾ ಉಣ್ಣಲಿಲ್ಲಂದರ ಆ ಹುಡಿಗೀನೂ ಉಣ್ಣಂಗಿಲ್ಲ, ಒಣಗಿ ಕಟಗಿ ಆಗ್ಯಾಳ. ಮ್ಯಾಲ ಹೋದಾಗ ಶಿವಾ ಕೇಳಿದರ ನಾ ಹೇಳಿಕೋತೇನಿ. ನೀ ಬಾಯಿ ಬಿಡಬ್ಯಾಡ ಮತ್ತ."

ನಲವತ್ತು ದಾಟಿ ಕನ್ನಡಕಕ್ಕೆ ಬಂದಿರುವ ನನ್ನನ್ನು ಹುಡುಗಿ ಎಂದವರು ಈ ಊರಲ್ಲಿ ಬೇರೆ ಯಾರೂ ಇಲ್ಲ. ನಾನು ಬಟ್ಟೆಯನ್ನು ಮತ್ತೊಮ್ಮೆ ಒಗೆಯಲು ಹಿಂದಿರುಗಿದೆ. ಅಂದು ಅವರ ಊಟವಾದ ಮೇಲೆ, ಅವರ ಎದುರಿಗೇ ಕುಳಿತು, ಎರಡು ಸಲ ಬಡಿಸಿಕೊಂಡು ಉಂಡೆ. ಅವರು ತುಪ್ಪದ ಗಿಂಡಿಯನ್ನು ನನ್ನ ಕಡೆಗೆ ತಳ್ಳಿದರು.

ಆದುದರಿಂದ ಮಾನ್ಯರೇ, ನನ್ನ ಕೊನೆಯ ದೂರು ಇದು: ನಮ್ಮ ಮನೆಯಲ್ಲಿ ನನಗಾಗಿ ಆಡಿದ ಅತ್ಯಂತ ಒಳ್ಳೆಯ ಮಾತು ತಮ್ಮ ವಿಳಾಸಕ್ಕೆ ಬಂದಿದೆ. ಅದನ್ನು ನನಗೆ ತಲುಪಿಸುವ ಸೌಜನ್ಯವನ್ನು ತಾವು ತೋರಲಿಲ್ಲ. ನನ್ನ ಉತ್ತರವನ್ನೂ ಎದುರಿಗೆ ಹೇಳಲಾರದೆ, ತಮ್ಮ ಹೆಸರಿಗೆ ಬರೆದು, ಬೆಳಗಾವಿಯ ವಾರಪತ್ರಿಕೆಗೆ ಕಳಿಸುತ್ತಿದ್ದೇನೆ. ಆ ಪತ್ರಿಕೆಯನ್ನು ಯಜಮಾನರು ಪ್ರತಿವಾರ ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ.

ವಾರಕ್ಕೊಂದು ಬುಟ್ಟಿ ಉಪ್ಪಿನ ಪ್ರಮಾಣದಲ್ಲಿ ತಮ್ಮ ವಿಶ್ವಾಸಿ,
ಚಂಪಾಬಾಯಿ ರಾಜಪ್ಪ
ಗೋಕಾಕ

ತಾ.ಕ.: ಇದು ಯಾವಾಗ ಈಯುತ್ತದೆ, ಮೊದಲನೆಯ ಕರು ತನಗೇ ಕೊಡಬೇಕು ಎಂದು ಯಲ್ಲಕ್ಕ ನಿನ್ನೆಯಿಂದ ಕೇಳುತ್ತಿದ್ದಾಳೆ. ಬೇರೆ ಯಾವುದಕ್ಕೂ ಉತ್ತರ ಕೊಡದ ತಾವು ಇದಕ್ಕಾದರೂ ಕೊಡಬೇಕು. ಈ ಪತ್ರವನ್ನು ಈಗಲೇ ಕಳಿಸಿದರೆ, ಗೊತ್ತಿದ್ದೂ ಗೊತ್ತಿಲ್ಲದಂತೆ ಉಣ್ಣುತ್ತಿರುವವರು ಊರಿನೆದುರು ಗೊತ್ತಿದೆ ಎಂದು ಒಪ್ಪಿ ತಾಟು ಸರಿಸಬೇಕಾಗುತ್ತದೆ. ಭಾನುವಾರ ಅಮಾವಾಸ್ಯೆ, ಶ್ರಾವಣ ಮುಗಿಯುತ್ತದೆ. ಅಲ್ಲಿಯವರೆಗೆ ತಾವೂ ಬಾಯಿ ಬಿಡಬಾರದು, ನಾನೂ ಬಿಡುವುದಿಲ್ಲ. ಅಂಚೆಗೆ ಹಾಕುವುದು ಸೋಮವಾರ, ಅವರ ತಾಟಿಗೆ ಉಪ್ಪು ಬಡಿಸಿದ ಮೇಲೆ: ೧೧ ಸೆಪ್ಟೆಂಬರ್ ೧೯೬೧.