ಅಡ್ಡ ಮಲಗಿದ ವಂಶವೃಕ್ಷ

ನಮ್ಮ ಮನೆಗೆ ಕಂಪ್ಯೂಟರ್ ಬಂದ ಮೇಲೆ ಉಳಿದದ್ದು ಎರಡೇ ಬಗೆಯ ದಿನಗಳು: ಕರೆಂಟ್ ಇಲ್ಲದ ದಿನ, ನಗೆಪಾಟಲಾಗುವ ದಿನ. ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿರಬೇಕು ಎಂಬುದು ಅಲ್ಲಿ ಕಲಿತ ಮೊದಲ ಪಾಠ, ಮನೆಯವರಿಗೂ ಕಲಿಸಿದ್ದೇನೆ. ಆದರೂ ಇಂಥವು ನನಗೇ ಆಗುತ್ತವೆ.

ಶುರುವಾದದ್ದು ಅತ್ತೆಯವರ ಒಂದು ಆಸೆಯಿಂದ. ಅವರಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದರು. ಮುಖ ಹೇಗಿತ್ತೆಂದೇ ಗೊತ್ತಿಲ್ಲ. ಈಚೆಗೆ ಹರಿಹರದಲ್ಲಿ ಅವರ ಅಕ್ಕನ ಮನೆಯ ದೇವರ ಪಟದ ಗಾಜು ಒಡೆದಾಗ, ಪಟದ ಹಿಂದೆ ಒತ್ತಿಗೆಂದು ಇಟ್ಟಿದ್ದ ಒಂದು ಫೋಟೋ ಸಿಕ್ಕಿತು. ತಮ್ಮ ಅವ್ವನದೇ ಎಂದು ಅಕ್ಕ ಗುರುತು ಹಿಡಿದರು. ಅಂಗೈಯಗಲದ ಮಾಸಿದ ಫೋಟೋ. ಪೊರೆ ಬಂದ ಅತ್ತೆಯವರ ಕಣ್ಣಿಗೆ ಬರೀ ಮಬ್ಬು.

"ನಿನ್ನ ಕಂಪ್ಯೂಟರ್‌ನಾಗೆ ದೊಡ್ಡದು ಮಾಡಿ ತೋರ್ಸೇ" ಎಂದರು ನನಗೆ.

ದೊಡ್ಡತ್ತೆ, ಅಂದರೆ ಆ ಅಕ್ಕ, ಫೋಟೋ ಬಿಟ್ಟುಕೊಡಲಿಲ್ಲ. "ಮೊದ್ಲು ಬ್ಯಾರೆಯವ್ರದ್ದು ಮಾಡಿ ತೋರ್ಸು. ಆಮ್ಯಾಲೆ ನಮ್ಮವ್ವಂದು."

ಕುತ್ತಿಗೆ ನೋವು

ಕಂಪ್ಯೂಟರಿನ ಜೊತೆ ಅಂಗಡಿಯವರು ವಂಶವೃಕ್ಷ ಬರೆಯುವ ಸಾಫ್ಟ್‌ವೇರಿನ ಸಿ.ಡಿ. ಕೊಟ್ಟಿದ್ದರು. ಒಬ್ಬೊಬ್ಬರಿಗೆ ಒಂದು ಚೌಕ, ಚೌಕದಲ್ಲಿ ಹೆಸರು ಮತ್ತು ಫೋಟೋ. ಟ್ರಂಕಿನಲ್ಲಿದ್ದ ಹಳೆಯ ಫೋಟೋಗಳನ್ನು ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ಕಂಪ್ಯೂಟರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ, ಫ್ಲಾಪಿಯಲ್ಲಿ ತಂದೆ. ಗಾಜಿನ ಮೇಲೆ ಹೆಚ್ಚು ಹಿಡಿಸಲೆಂದು ಸೆಂಟರಿನ ಮೇಷ್ಟ್ರು ಎಲ್ಲವನ್ನೂ ಅಡ್ಡ ಇಟ್ಟಿದ್ದರು. ಚೌಕಗಳಲ್ಲಿ ತುಂಬಿಸಿ ನೋಡಿದರೆ, ಮೂರು ತಲೆಮಾರು ಎಡಮಗ್ಗುಲಿಗೆ ಮಲಗಿತ್ತು.

ನಮ್ಮ ಯಜಮಾನರು ತಲೆ ವಾರೆ ಮಾಡಿಕೊಂಡು ನೋಡುತ್ತ ಕುಳಿತಿದ್ದಾಗ ಪಕ್ಕದ ಮನೆಯ ಡಾಕ್ಟರು ಬಂದರು.

"ಯಾಕ್ರೀ, ಕುತ್ತಿಗೆ ಹಿಡ್ಕಂಡೈತೇನು?"

"ಇಲ್ರಿ, ನಮ್ಮಜ್ಜನ್ನ ಮಾತಾಡಿಸ್ತಿದ್ದೆ."

ಡಾಕ್ಟರು ತೆರೆ ನೋಡಲಿಲ್ಲ, ಇವರನ್ನೇ ನೋಡಿದರು. "ನಾಳೆ ಕ್ಲಿನಿಕ್ಕಿಗೆ ಬರ್ರಿ. ಕುತ್ತಿಗೆಗಲ್ಲ."

ಹರಿಹರದ ತೀರ್ಪು

ಗುಂಡಿ ಒತ್ತಿದರೆ ಫೋಟೋ ತಿರುಗುತ್ತದೆಂದು ಸಿ.ಡಿ. ಜೊತೆ ಬಂದ ಪುಸ್ತಕದಲ್ಲಿತ್ತು. ಒಬ್ಬೊಬ್ಬರನ್ನೇ ತಿರುಗಿಸಿ ನೆಟ್ಟಗೆ ಮಾಡಿದೆ. ಸೆಂಟರಿಗೆ ಫ್ಲಾಪಿ ಒಯ್ದು ಪ್ರಿಂಟ್ ತೆಗೆಸಿ, ಲಕೋಟೆಗೆ ಹಾಕಿ ಅಂಟಿಸಿಕೊಂಡು ಹರಿಹರದ ಬಸ್ಸು ಹತ್ತಿದೆ. ಮಾಡಿದ್ದು ನಾನೇ ಆದ್ದರಿಂದ ಬಿಚ್ಚಿ ನೋಡುವ ಅಗತ್ಯ ಕಾಣಲಿಲ್ಲ.

ದೊಡ್ಡತ್ತೆ ಬಿಚ್ಚಿದರು. ಮೂರು ತಲೆಮಾರೂ ಮತ್ತೆ ಮಲಗಿತ್ತು.

"ಇದೇನೇ ಇದು? ನಮ್ಮಾಗೆ ಸತ್ತವ್ರನ್ನೂ ಕೂಡ್ಸಿ ಹಾರ ಹಾಕ್ತೀವಿ, ಕೂಡ್ಸೇ ಮಣ್ಣು ಮಾಡ್ತೀವಿ. ನೀನು ಬದುಕಿದ್ದವ್ರನ್ನೂ ಮಲಗ್ಸಿಬಿಟ್ಟೀಯಲ್ಲ!"

"ತಾಂತ್ರಿಕ ದೋಷ, ದೊಡ್ಡತ್ತೆ."

"ಏನಾರ ಇರ್ಲಿ. ಒಬ್ರೂ ಮಲಗಿರಬಾರ್ದು. ಎಲ್ರೂ ನೆಟ್ಟಗಾದ ಮ್ಯಾಲೆ ಬಾ, ನಮ್ಮವ್ವನ್ನ ಕೊಡ್ತೀನಿ."

ಮಾತು ಕೊಟ್ಟೆ. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಅವರ ಯಜಮಾನರು ಮೆಲ್ಲಗೆ ಕೇಳಿದರು: "ಮಲಗಿದೋರಾಗೆ ನಾನೂ ಇದೀನೇನಮ್ಮ?"

"ಇದ್ದೀರಿ, ದೊಡ್ಡಮಾವ. ಸರಿಮಾಡುತ್ತೇನೆ."

"ಬ್ಯಾಡ, ನನ್ನೊಬ್ಬನ್ನ ಹಂಗೇ ಬಿಡು. ಈ ಮನ್ಯಾಗೆ ಯಾರು ಮಲಗಾಕೆ ಬಿಡ್ತಾರೆ?"

ಅಂಟಿದ ಪುಟ

ಮನೆಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದೆ.

"ಮೇಡಂ, ತಿರುಗಿಸಿದ ಮೇಲೆ ಸೇವ್ ಮಾಡಿದ್ರಾ?"

"ಪುಸ್ತಕದಲ್ಲಿ ಹಾಗೆ ಹೇಳಿಲ್ಲ."

"ಮುಂದಿನ ಪುಟದಾಗೆ ನೋಡ್ರಿ."

ನೋಡಿದೆ. ಎರಡು ಪುಟ ಅಂಟಿಕೊಂಡಿದ್ದವು. ಮುದ್ರಕರ ಅಜಾಗರೂಕತೆ ಎಂದು ತಿಳಿಸಿದೆ.

"ಹೌದ್ರಿ ಮೇಡಂ. ಸೇವ್ ಮಾಡದಿದ್ರೆ, ನೀವು ಎದುರಿಗಿರೋ ತನಕ ನೆಟ್ಟಗಿರ್ತಾರೆ, ಎದ್ದು ಹೋದ್ರೆ ಮತ್ತೆ ಮಲಗ್ತಾರೆ. ನನ್ನ ಸ್ಟೂಡೆಂಟ್ಸೂ ಹಂಗೇ ರಿ."

ಕೊಟ್ಟ ಮಾತು

ಎರಡನೆಯ ಪ್ರಿಂಟನ್ನು ದೊಡ್ಡತ್ತೆ ಕನ್ನಡಕ ಹಾಕಿಕೊಂಡು ತನಿಖೆ ಮಾಡಿದರು. ಎಲ್ಲರೂ ನೆಟ್ಟಗಿದ್ದರು. ಫೋಟೋವನ್ನು ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ, ಕಾವಲಿಗೆಂದು ತಾವೂ ನನ್ನ ಜೊತೆ ದಾವಣಗೆರೆಗೆ ಬಂದರು.

ಫೋಟೋದಲ್ಲಿ ಕುರ್ಚಿಯ ಮೇಲೆ ಅವ್ವ. ತೊಡೆಯ ಮೇಲೆ ಅಂಗಾತ ಮಲಗಿ ನಿದ್ದೆಹೋದ ಕೂಸು. ಆ ಕೂಸು ನಮ್ಮ ಅತ್ತೆಯವರು. ಅವ್ವನದು ಒಂದು ಚೌಕ, ಅತ್ತೆಯವರದು ಇನ್ನೊಂದು. ಆದ್ದರಿಂದ ಸ್ಕ್ಯಾನ್ ಮಾಡಿಸಿ ತಂದು, ಕಂಪ್ಯೂಟರಿನಲ್ಲೇ ಕೂಸನ್ನು ಬೇರೆ ಕತ್ತರಿಸಿ ಹಾಕಿದೆ. ಕೊಟ್ಟ ಮಾತು ನೆನಪಿತ್ತು. ಕೂಸನ್ನೂ ತಿರುಗಿಸಿದೆ. ಸೇವ್ ಮಾಡಿದೆ. ಎರಡು ಸಲ.

ಆಮೇಲೆ ಅತ್ತೆಯವರನ್ನು ಕಂಪ್ಯೂಟರಿನ ಮುಂದೆ ಕೂಡಿಸಿ, ಅವರವ್ವನ ಮುಖವನ್ನು ತೆರೆ ತುಂಬ ದೊಡ್ಡದು ಮಾಡಿದೆ. ಕರೆಂಟ್ ಹೋಗದಿರಲೆಂದು ದೊಡ್ಡತ್ತೆ ಕೈಮುಗಿದು ನಿಂತಿದ್ದರು.

ಅತ್ತೆಯವರು ಮುಂದಕ್ಕೆ ಬಗ್ಗಿದರು. ತೆರೆಯ ಮೇಲೆ ಅವ್ವನ ಮೂಗುಬೊಟ್ಟನ್ನು ಬೆರಳಿಂದ ಮುಟ್ಟಿದರು.

"ಕಾಣ್ತೈತೆ" ಎಂದರು. "ಅಕ್ಕಾ, ನನ್ನ ಮೂಗು ಇವಳದೇ ಅಲ್ಲೇನೇ?"

"ಮೂಗು ಅವ್ವಂದು, ಸಿಟ್ಟು ಅಪ್ಪಂದು" ಎಂದರು ದೊಡ್ಡತ್ತೆ, ಮೂಗೆಳೆಯುತ್ತ.

ನಾನು ಇಡೀ ವೃಕ್ಷ ತೋರಿಸಿದೆ. ಅವ್ವನ ಕೆಳಗಿನ ಚೌಕದ ಮೇಲೆ ಅತ್ತೆಯವರ ಬೆರಳು ನಿಂತಿತು.

"ಇದ್ಯಾರದೇ ಕೂಸು, ನಿಂತ್ಕಂಡೇ ನಿದ್ದಿ ಮಾಡ್ತೈತೆ?"

"ತಾವೇ ಅತ್ತೆ. ಆರು ತಿಂಗಳಿದ್ದಾಗ."

ಅತ್ತೆಯವರು ಕಣ್ಣೊರೆಸಿಕೊಳ್ಳುತ್ತಿದ್ದ ಸೆರಗನ್ನು ಬಾಯಿಗೊತ್ತಿಕೊಂಡರು. ಭುಜ ಕುಲುಕತೊಡಗಿತು. ಜೀವಮಾನದಲ್ಲಿ ಮೊದಲ ಸಲ, ತೆರೆಯ ಮೇಲಿದ್ದ ತಾಯಿಗೆ ನನ್ನ ಮೇಲೆ ದೂರು ಹೇಳಿದರು:

"ನೋಡವ್ವಾ! ಈ ಸೊಸೆ ಬಂದಾಗಿಂದ 'ನೆಟ್ಟಗೆ ಕೂಡ್ರಿ, ನೆಟ್ಟಗೆ ಕೂಡ್ರಿ' ಅಂತ ನನ್ನ ಬೆನ್ನು ಬಿದ್ದಾಳೆ. ಈಗ ನಿನ್ನ ತೊಡಿ ಮ್ಯಾಲೆ ಮಲಗಿದ್ದೋಳನ್ನೂ ಎಬ್ಬಿಸಿ ನಿಲ್ಸ್ಯಾಳೆ!"