ಒಂಬತ್ತು ಗಜದ ಡಿಎನ್‌ಎ

ಹದಿನಾಲ್ಕು ಬಟ್ಟೆ ಕ್ಲಿಪ್ಪುಗಳನ್ನು ಒಂದೇ ಸೀರೆಗೆ ಹಾಕಿದ್ದೇ ಉಜ್ವಲಾಳ ತಪ್ಪು.

ಬೋರಗಾಂವದ ಉಜ್ವಲಾ ಸದಲಗಾದ ಕಾಲೇಜಿನಲ್ಲಿ ಆರು ವರ್ಷದಿಂದ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಂದು ಆಡಳಿತ ಮಂಡಳಿಯ ಚೇರ್ಮನ್ ವಿರುಪಾಕ್ಷಪ್ಪನವರು ಅವಳ ಪಾಠ ನೋಡಲು ಬರುವವರಿದ್ದರು. ಮೆಚ್ಚಿದರೆ ನೌಕರಿ ಕಾಯಂ. ದೊಡ್ಡವರೆದುರು ಅವಳ ನಾಲಿಗೆ ಒಣ ರೊಟ್ಟಿಯಂತಾಗುತ್ತಿತ್ತು. ಸೀರೆಯಾದರೂ ಮಾತಾಡಲಿ ಎಂದು ಅವ್ವನ ಹಳೆಯ ಒಂಬತ್ತು ಗಜದ ಸೀರೆಯ ಉದ್ದಕ್ಕೂ ಮನೆಗೆಲಸದ ಆಜ್ಞೆಗಳನ್ನು ಬರೆದಿದ್ದಳು. ಒಂದೊಂದು ಆಜ್ಞೆ ಒಂದೊಂದು ಜೀನ್. ಉಳಿದವನ್ನೆಲ್ಲ ಮಡಿಸಿ ಕ್ಲಿಪ್ ಹಾಕಿ, ‘ಬಂದವರಿಗೆ ಚಹಾ ಕೊಡು’ ಎಂಬುದನ್ನಷ್ಟೇ ತೆರೆದಿಟ್ಟು, ಸೀರೆಯನ್ನು ಅಂಗಳದ ತಂತಿಗೆ ತೂಗುಹಾಕಿದ್ದಳು.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ತುಳಸವ್ವ ಆ ತಂತಿಯ ಹತ್ತಿರ ನಿಂತಿದ್ದಳು.

"ಏನವಾ, ಒಂದ ಸೀರಿಗಿ ಇಷ್ಟು ಕ್ಲಿಪ್ಪಾ? ನನ್ನ ಸೀರಿ ಹಾರಾಕತ್ತಿತ್ತು, ನಾಕು ತಗೊಂಡಿದ್ನಿ. ಈಗ ನನ್ನವು ಸಿಕ್ಕುವು, ತಿರುಗಿ ಹಾಕೇನಿ ನೋಡ."

"ಎಲ್ಲಿದ್ದುವು ಅಲ್ಲೇ ಹಾಕೀರಿಲ್ಲೋ, ಕಾಕೂ?"

"ಅಯ್ಯ, ಕ್ಲಿಪ್ಪಿಗಿ ರಿಜರ್ವೇಶನ್ ಇರತೈತೇನ!"

ಬಸ್ಸು ಹಾರ್ನ್ ಹಾಕಿತು. ಉಜ್ವಲಾ ಸೀರೆಯನ್ನು ಇದ್ದಂತೆಯೇ ಚೀಲಕ್ಕೆ ತುರುಕಿಕೊಂಡು ಓಡಿದಳು.

ಚೇರ್ಮನ್ನರು ಮುಂದಿನ ಬೆಂಚಿನಲ್ಲಿ ಕೂತರು. ಉಜ್ವಲಾ ಹಲಗೆಗೆ ಸೀರೆ ತೂಗುಹಾಕಿ, ಅವರತ್ತ ನೋಡದೆ ಕಿಟಕಿಗೆ ಪಾಠ ಹೇಳಿದಳು.

"ಮೈಯಾಗಿನ ಎಲ್ಲಾ ಜೀವಕೋಶದಾಗೂ ಡಿಎನ್‌ಎ ಅನ್ನೋ ಒಂದ ಬರಹ ಐತಿ. ಅದಕ್ಕ ಅಂಟಿಕೊಳ್ಳೋ ಪ್ರೋಟೀನು ಅಂದ್ರ ಈ ಕ್ಲಿಪ್. ಕೆಲವು ಬರಹ ಮಡಚಿ ಮುಚ್ಚತಾವ, ಕೆಲವು ತೆರೀತಾವ. ಕಣ್ಣಿಗೂ ಯಕೃತ್ತಿಗೂ ಬರಹ ಒಂದ, ಕ್ಲಿಪ್ಪಿನ ಜಾಗಾ ಬ್ಯಾರೆ. ತೆರೆದದ್ದನ್ನಷ್ಟ ಜೀವಕೋಶ ಓದಿ ಮಾಡತೈತಿ. ಕೋಮಲ, ಈಗ ನೀನ ಜೀವಕೋಶ. ಓದು, ಹಂಗ ಮಾಡು."

ಮೇಜಿನ ಮೇಲೆ ಚಹಾ ಸಿದ್ಧವಿತ್ತು, ಪಕ್ಕದಲ್ಲಿ ನೀರಿನ ಬಾಟಲಿ. ವರ್ಗದಲ್ಲೇ ಅತಿ ವಿಧೇಯ ಹುಡುಗಿ ಕೋಮಲ ಎದ್ದು ಬಂದು ಗಟ್ಟಿಯಾಗಿ ಓದಿದಳು:

"ತಲೆಗೆ ನೀರು ಹಾಕು."

ಅದು ಕೂಸಿನ ಸ್ನಾನಕ್ಕೆಂದು ಬರೆದದ್ದು. ಯಾರ ತಲೆಗೆ ಎಂದು ಕೇಳುವ ಅಧಿಕಾರ ಜೀವಕೋಶಕ್ಕಿರಲಿಲ್ಲ. ಹತ್ತಿರದ ತಲೆ ಚೇರ್ಮನ್ನರದ್ದು. ಕೋಮಲ ಬಾಟಲಿ ಪೂರ್ತಿ ಖಾಲಿ ಮಾಡಿದಳು.

ಬಾಗಿಲಲ್ಲಿದ್ದ ಪ್ರಿನ್ಸಿಪಾಲರು, ಬಾರದ ಫೋನನ್ನು ಕಿವಿಗೆ ಹಿಡಿದುಕೊಂಡು ಹೊರಗೆ ಹೋದರು. ವಿರುಪಾಕ್ಷಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಸೀರೆಯ ಹತ್ತಿರ ಬಂದರು.

"ಚಹಾ ಕೊಡು ಅಂತನೂ ಬರದೈತೇನ್ರಿ?"

"ಬರದೈತ್ರಿ ಸರ್. ಮ್ಯಾಲೆ ಕ್ಲಿಪ್ ಬಿದ್ದೈತ್ರಿ."

"ಅಂದ್ರ ಬರಹ ಅಳಿಸೂದು ಬ್ಯಾಡ. ಮುಚ್ಚಿಟ್ರ ಸಾಕು, ಕೆಲಸಾ ನಿಲ್ಲತೈತಿ?"

"ಹೌದ್ರಿ."

"ಭಾಳ ಛಲೋ ಕಲಿಸಿದ್ರಿ! ಇಷ್ಟು ವರ್ಷ ಆಡಳಿತ ಮಾಡೇನಿ, ಇದಕ್ಕ ಪ್ರೋಟೀನು ಅಂತಾರಂತ ಗೊತ್ತಿದ್ದಿಲ್ಲ."

ಉಜ್ವಲಾ ಆರು ವರ್ಷದ ಧೈರ್ಯವನ್ನೆಲ್ಲ ಒಟ್ಟು ಮಾಡಿದಳು. "ಹಂಗಾದ್ರ ಸರ್... ನನ್ನ ಕಾಯಂ ಆರ್ಡರ್?"

ಚೇರ್ಮನ್ನರು ಫೈಲಿನಿಂದ ಒಂದು ಹಾಳೆ ತೆಗೆದು ತೋರಿಸಿದರು. ಅವಳ ಹೆಸರು, ಅವರ ಸಹಿ, ಮೊಹರು, ಎಲ್ಲ ಇತ್ತು. ತಾರೀಖು ಮೂರು ವರ್ಷ ಹಿಂದಿನದು.

"ಬರದೈತ್ರಿ ಮೇಡಂ," ಎಂದು ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿದರು. ಸೀರೆಯಿಂದ ಒಂದು ಕ್ಲಿಪ್ ಕಿತ್ತು ಅದಕ್ಕೆ ಹಾಕಿ, ಮತ್ತೆ ಫೈಲಿಗೆ ಸೇರಿಸಿದರು.

ಸೀರೆಯ ಮಡಿಕೆ ಬಿಚ್ಚಿಕೊಂಡಿತು. ಕೋಮಲ ಓದಿದಳು. ಚೇರ್ಮನ್ನರಿಗೆ ಚಹಾ ಕೊಟ್ಟಳು.